ಹರಿತವಿಲ್ಲದ ಕತ್ತಿ: ಎರಡನೇ ಎರಕ

ಈ ಸಲ ಕಂಚು ತುದಿವರೆಗೂ ಹರಿಯಿತು! ಅಚ್ಚು ಬಿಚ್ಚಿ ನೋಡಿದಾಗ ಆದ ಖುಷಿ ಅಷ್ಟಿಷ್ಟಲ್ಲ.

ಹೋದ ಸಲ ತುದಿಯಲ್ಲಿ ಮೂರು ಬೆರಳಷ್ಟು ಜಾಗ ಖಾಲಿ ಉಳಿದಿತ್ತು. ಲೋಹ ಅರ್ಧ ದಾರಿಯಲ್ಲೇ ತಣ್ಣಗಾಗಿ, ಮೇಣದ ಹನಿಯ ಹಾಗೆ ದುಂಡಗೆ ನಿಂತುಬಿಟ್ಟಿತ್ತು. ಅಲಗು ತೆಳು, ಅಚ್ಚು ತಣ್ಣಗಿತ್ತು, ಇನ್ನೇನಾಗುತ್ತೆ? ಅದಕ್ಕೇ ಈ ಸಲ ಜೇಡಿಮಣ್ಣಿನ ಅಚ್ಚನ್ನು ಚೆನ್ನಾಗಿ ಸುಟ್ಟು, ಬಿಸಿ ಇರುವಾಗಲೇ ತುದಿ ಕೆಳಗೆ ಮಾಡಿ ನಿಲ್ಲಿಸಿದೆ. ತಾಮ್ರ 90 ಪಾಲು, ತವರ 10 ಪಾಲು. ಮೂಸೆಯನ್ನು ಇನ್ನೂ ಸ್ವಲ್ಪ ಹೊತ್ತು ಕಾಯಲು ಬಿಟ್ಟು, ಎಲ್ಲೂ ನಿಲ್ಲಿಸದೆ ಒಂದೇ ಧಾರೆಯಲ್ಲಿ ಸುರಿದೆ.

ಹೊಸದಾಗಿ ಓದುವವರಿಗೆ: ನಾನು ಮಾಡುತ್ತಿರುವುದು ಇಂಗ್ಲೆಂಡಿನ ಆಕ್ಸ್‌ಬರೋ ಡರ್ಕ್‌ನ ಅರ್ಧ ಅಳತೆಯ ಪ್ರತಿ. ಡರ್ಕ್ ಅಂದರೆ ಉದ್ದದ ಬಾಕು. ಮೂಲ ಆಯುಧ ಸುಮಾರು 3,400 ವರ್ಷ ಹಳೆಯದು. 70.9 ಸೆಂ.ಮೀ. ಉದ್ದ, ತೂಕ 2.3 ಕಿಲೋಗಿಂತ ಜಾಸ್ತಿ. 1988ರಲ್ಲಿ ನಾರ್ಫೋಕ್‌ನಲ್ಲಿ ನಡೆದು ಹೋಗುತ್ತಿದ್ದವರೊಬ್ಬರ ಕಾಲಿಗೆ ಎಡವಿದ್ದು ಇದೇ. ಜವುಗು ನೆಲದಲ್ಲಿ ತುದಿ ಕೆಳಗಾಗಿ ನೆಟ್ಟಗೆ ಚುಚ್ಚಿಕೊಂಡಿತ್ತು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಂಥ ದೊಡ್ಡ ಬಾಕುಗಳು ಫ್ರಾನ್ಸ್, ನೆದರ್ಲೆಂಡ್ಸ್‌ನಲ್ಲೂ ಸಿಕ್ಕಿವೆ, ಆದರೆ ಕೈಬೆರಳಲ್ಲಿ ಎಣಿಸುವಷ್ಟೇ.

ಅಳತೆ ಅರ್ಧವಾದರೆ ತೂಕ ಎಂಟನೇ ಒಂದು ಪಾಲಿಗೆ ಇಳಿಯುತ್ತೆ. ನನ್ನದು ಸುಮಾರು 300 ಗ್ರಾಂ. ಇಷ್ಟು ಚಿಕ್ಕದಕ್ಕೇ ಎರಡು ಸಲ ಪರದಾಡಿದೆ. ಅಷ್ಟು ದೊಡ್ಡದನ್ನು ಎರಕ ಹೊಯ್ದವರ ಕೈ ಎಂಥದಿರಬೇಕು ಅಂತ ಸುರಿಯುವಾಗಲೆಲ್ಲ ಅನಿಸುತ್ತಿತ್ತು.

ನಿನ್ನೆ ಸಂಜೆ ಅರ ಹಿಡಿದು ಕೂತೆ. ಅಚ್ಚಿನ ಎರಡು ಹೋಳು ಸೇರುವ ಕಡೆ ಲೋಹ ಕಾಗದದಷ್ಟು ತೆಳ್ಳಗೆ ಹೊರಗೆ ಇಣುಕಿತ್ತು. ಅದನ್ನು ಉಜ್ಜಿ ತೆಗೆಯುವಾಗ ಕೈ ತಾನಾಗೇ ಓರೆಯಾಗುತ್ತೆ, ಅಂಚು ಹರಿತ ಮಾಡೋಕೆ ಹೋಗುತ್ತೆ. ಕತ್ತಿ ಅಂದಮೇಲೆ ಹಾಗೇ ಅಲ್ವಾ? ಆದರೆ ಮೂಲದ ಅಂಚು ಮೊಂಡು. ಅದಕ್ಕೆ ಸಾಣೆ ಹಿಡಿದೇ ಇಲ್ಲ. ಹಿಡಿ ಕೂರಿಸಲು ರಿವೆಟ್ ತೂತುಗಳೂ ಇಲ್ಲ. ಕೈಯಲ್ಲಿ ಹಿಡಿಯೋಕೆ, ಯಾರನ್ನೋ ಇರಿಯೋಕೆ ಮಾಡಿದ್ದಲ್ಲ ಇದು. ಕಾಣಿಕೆಯಾಗಿ ಕೊಡೋಕೆ ಅಂತಲೇ ಮಾಡಿದ್ದು ಅಂತ ನನಗೆ ಪೂರ್ತಿ ನಂಬಿಕೆ ಬಂದದ್ದು ಓದಿದಾಗಲ್ಲ, ಅರವನ್ನು ನೆಟ್ಟಗೆ ಹಿಡಿದು ಆ ಮೊಂಡು ಅಂಚನ್ನು ಹಾಗೇ ಉಳಿಸಿದಾಗ.

ಒಂದು ಬದಿ ಮುಗಿದಿದೆ. ಇನ್ನೊಂದು ಬದಿ ಭಾನುವಾರ. ತಂದಿಟ್ಟಿದ್ದ ಡ್ರಿಲ್ ಬಿಟ್ಟನ್ನು ವಾಪಸ್ ಪೆಟ್ಟಿಗೆಗೆ ಹಾಕಿದ್ದೇನೆ.