ತಲೆಕೆಳಗಾದ ಸಿಟಿ ಹಾಲ್ ಮತ್ತು ನಮ್ಮ ಮೇಷ್ಟ್ರು

ವಾಸ್ತುಶಿಲ್ಪದ ಇತಿಹಾಸ ಕಲಿಸುತ್ತಿದ್ದ ನಮ್ಮ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದಾಗ, ಪರೀಕ್ಷೆಗೆಂದು ಉರು ಹೊಡೆದದ್ದು ಯಾವುದೂ ನೆನಪಿಗೆ ಬರಲಿಲ್ಲ. ಅಮೆರಿಕದ ಬಾಸ್ಟನ್ ನಗರದ ಆಡಳಿತ ಕಚೇರಿಯಾದ ಸಿಟಿ ಹಾಲ್ ಒಂದೇ ಕಣ್ಣೆದುರು ನಿಂತಿತು.

ಸ್ಲೈಡ್ ಪ್ರೊಜೆಕ್ಟರಿನ ಕಾಲವದು. ತರಗತಿಗೆ ಮೊದಲೇ ನಾವು ಮೂವರು ಸೇರಿ ಆ ಕಟ್ಟಡದ ಚಿತ್ರ ತಲೆಕೆಳಗಾಗಿ ಮೂಡುವಂತೆ ಸ್ಲೈಡನ್ನು ತಿರುಗಿಸಿಟ್ಟಿದ್ದೆವು. ಹಿಂದಿನ ಬೆಂಚುಗಳಲ್ಲಿ ನಗು ಎದ್ದಾಗ ಮೇಷ್ಟ್ರು ಸಿಟ್ಟಾಗಲಿಲ್ಲ. "ಇರಲಿ ಬಿಡಿ. ಕೆಳಗೆ ಅಗಲ, ಮೇಲೆ ಕಿರಿದು. ಈಗ ಇದು ನಿಮಗೆಲ್ಲ ಒಪ್ಪುವ ಕಟ್ಟಡ. ಕಟ್ಟಿದವರು ಇದನ್ನೇಕೆ ಮಗುಚಿದರು, ಹೇಳಿ" ಎಂದರು. ಯಾರೂ ಬಾಯಿಬಿಡದಿದ್ದಾಗ ತಾವೇ ಹಲಗೆಯ ಮೇಲೆ ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ಒಳಗನ್ನು ತೋರಿಸುವ ನಕ್ಷೆ, ಬರೆದರು: ಹೊರಚಾಚಿದ ಮೇಲಿನ ಅಂತಸ್ತುಗಳಲ್ಲಿ ಸಾಲುಸಾಲು ಕಚೇರಿಗಳು, ನಡುವೆ ಮೇಯರರ ಕೊಠಡಿ ಮತ್ತು ಕೌನ್ಸಿಲ್ ಸಭಾಂಗಣ, ಕೆಳಗೆ ಜನರ ಓಡಾಟಕ್ಕೆ ಬಿಟ್ಟ ಜಾಗ, ಹೊರಗಿನ ಚೌಕದ ಇಟ್ಟಿಗೆ ಹಾಸು ಅಲ್ಲಿ ಒಳಗೂ ಮುಂದುವರಿಯುತ್ತದೆ. ನಗರಾಡಳಿತಕ್ಕೆ ಕಾಲಿಡುವವನು ಮೆಟ್ಟಿಲ ಬುಡದಲ್ಲಿ ತಲೆಬಾಗಿ ನಿಲ್ಲಬೇಕಿಲ್ಲ ಎಂಬ ಮಾತನ್ನು ಕಾಂಕ್ರೀಟಿನಲ್ಲಿ ಹೇಳಿದ್ದಾರೆ ಎಂದು ಅವರು ವಿವರಿಸಿದ್ದು ಇಂದಿಗೂ ಕಿವಿಯಲ್ಲಿದೆ.

1968ರಲ್ಲಿ ಮುಗಿದ ಆ ಕಟ್ಟಡವನ್ನು ಮಾರಿಬಿಡುವ ಪ್ರಸ್ತಾಪವನ್ನು 2006ರಲ್ಲಿ ಸ್ವತಃ ಮೇಯರೇ ಮುಂದಿಟ್ಟಿದ್ದರು. 2025ರ ಜನವರಿಯಲ್ಲಿ ಅದೇ ನಗರ ಅದಕ್ಕೆ ಸಂರಕ್ಷಿತ ಕಟ್ಟಡದ ಮಾನ್ಯತೆ ನೀಡಿತು. ಇಂಗ್ಲೆಂಡಿನ ಪ್ರೆಸ್ಟನ್ ಬಸ್ ನಿಲ್ದಾಣವೂ ನೆಲಸಮವಾಗುವುದರಲ್ಲಿತ್ತು. 2013ರಲ್ಲಿ ಸಂರಕ್ಷಣೆ ದೊರೆತು, ನವೀಕರಣಗೊಂಡು ಉಳಿದುಕೊಂಡಿತು. ದಿಲ್ಲಿಯ ವಸ್ತುಪ್ರದರ್ಶನ ಭವನವಾಗಿದ್ದ ಹಾಲ್ ಆಫ್ ನೇಷನ್ಸ್‌ಗೆ ಆ ಭಾಗ್ಯವಿರಲಿಲ್ಲ. ರಾಜ್ ರೇವಾಲ್ ವಿನ್ಯಾಸ ಮಾಡಿ, ಮಹೇಂದ್ರ ರಾಜ್ ಎಂಜಿನಿಯರಿಂಗ್ ಹೊಣೆ ಹೊತ್ತ, 1972ರ ಆ ಕಾಂಕ್ರೀಟ್ ಸ್ಪೇಸ್ ಫ್ರೇಮನ್ನು (ತ್ರಿಕೋನಗಳಾಗಿ ಹೆಣೆದ ಚೌಕಟ್ಟಿನ ರಚನೆ) 2017ರ ಏಪ್ರಿಲ್‌ನಲ್ಲಿ ಕೆಡವಲಾಯಿತು. ಅರವತ್ತು ವರ್ಷ ತುಂಬದ್ದು ಪರಂಪರೆಯಲ್ಲ ಎಂಬ ಲೆಕ್ಕಾಚಾರ ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ.

ಇಂಥ ಕಾಂಕ್ರೀಟ್ ಕಟ್ಟಡಗಳು ಜನರ ಕಣ್ಣಿಗೆ ಕುರೂಪವಾದದ್ದು ಬಹುಮಟ್ಟಿಗೆ ನಿರ್ವಹಣೆಯಿಲ್ಲದೆ ಎಂಬುದು ಮೇಷ್ಟ್ರ ವಾದವಾಗಿತ್ತು. ಸಪಾಟು ತಾರಸಿಯ ಮೇಲೆ ನೀರು ನಿಲ್ಲುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನೊಳಗೆ ಇಳಿದು, ಒಳಗಿನ ಉಕ್ಕಿನ ಕಂಬಿಯನ್ನು ತುಕ್ಕಿನಿಂದ ಕಾಯುವ ಅದರ ಕ್ಷಾರಗುಣವನ್ನು ತಗ್ಗಿಸುತ್ತದೆ. ಆಮೇಲೆ ತೇವ ತಗುಲಿದ ಕಂಬಿ ತುಕ್ಕು ಹಿಡಿದು ಉಬ್ಬಿ, ಹೊದಿಕೆಯನ್ನು ಚಕ್ಕೆಚಕ್ಕೆಯಾಗಿ ಉದುರಿಸುತ್ತದೆ. ಸಕಾಲದಲ್ಲಿ ಕಂಡುಕೊಂಡರೆ ಇದು ದುರಸ್ತಿಯಾಗುವ ಕಾಯಿಲೆ. ಇಂದು ಹಳೆಯ ಕಾಂಕ್ರೀಟ್ ಕಟ್ಟಡಗಳ ತಪಾಸಣೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಸೆಂಟ್ರಿಂಗ್ ಹಲಗೆಯ ಎಳೆ, ಗಂಟುಗಳ ಅಚ್ಚು ಗೋಡೆಯ ಮೇಲೆ ಉಳಿದಿರುವುದನ್ನು ಬೆರಳಾಡಿಸಿ ಓದುವ ಆ ಕಣ್ಣು ನನಗೆ ಬಂದದ್ದು ಅವರ ತರಗತಿಯಿಂದ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗಿನ ವಿದ್ಯಾರ್ಥಿಗಳ ಪರದೆಯ ಚಿತ್ರಗಳು ಬಹಳ ಸುಂದರ. ಆದರೆ ಅವುಗಳಲ್ಲಿ ಮಳೆನೀರಿನ ಕೊಳವೆ ಎಲ್ಲಿ ಇಳಿಯುತ್ತದೆಂದು ಕೇಳಿದರೆ ಉತ್ತರ ಬರುವುದು ಅಪರೂಪ, ಪಠ್ಯಕ್ರಮವೂ ಅದನ್ನು ಕೇಳುವುದಿಲ್ಲ. ಎರಡನೆಯ ವರ್ಷದವರು ಒಂದಾದರೂ ಸಾರ್ವಜನಿಕ ಕಟ್ಟಡದ ಸ್ಥಿತಿಗತಿಯನ್ನು ತಾರಸಿಯಿಂದ ತಳಪಾಯದವರೆಗೆ ಸಮೀಕ್ಷೆ ಮಾಡಲೇಬೇಕೆಂದು ವಿಭಾಗಕ್ಕೆ ಬರೆದಿದ್ದೇನೆ. ಒಪ್ಪಿದರೆ ಮೊದಲ ತಂಡವನ್ನು ನಾನೇ ಕರೆದೊಯ್ಯುತ್ತೇನೆ.