ಬಿಯರ್ ಲೋಟದಲ್ಲಿ ಸಬ್ಬಸಿಗೆಯ ಘಮ

ಜಪಾನಿನಲ್ಲಿ ಶಾಲೆಗಳ ವರ್ಷ ಆರಂಭವಾಗುವುದು ಏಪ್ರಿಲ್ ತಿಂಗಳಲ್ಲಿ. ಇಂಗ್ಲಿಷ್ ಸಹಾಯಕ ಶಿಕ್ಷಕಿಯಾಗಿ ನಾನು ದೇಶದ ಉತ್ತರದ ದ್ವೀಪ ಹೊಕ್ಕೈಡೊದಲ್ಲಿರುವ ಅಸಾಹಿಕಾವಾ ನಗರದ ಮಾಧ್ಯಮಿಕ ಶಾಲೆಯೊಂದಕ್ಕೆ ಬಂದಾಗ ರಸ್ತೆಯ ಇಕ್ಕೆಲಗಳಲ್ಲಿ ಹಿಮದ ರಾಶಿ ಇನ್ನೂ ಕರಗದೆ ಉಳಿದಿತ್ತು. 1902ರ ಜನವರಿಯಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 41 ಡಿಗ್ರಿ ಕೆಳಗಿಳಿದು, ಜಪಾನಿನಲ್ಲಿ ಇಂದಿಗೂ ಮುರಿಯದ ದಾಖಲೆಯಾದದ್ದು ಈ ಊರಿನಲ್ಲಿಯೇ. ಮೊದಲ ವಾರದ ಶುಕ್ರವಾರ ಸಂಜೆ ಹೊಸಬರಿಗಾಗಿ ಔತಣವೊಂದನ್ನು ಏರ್ಪಡಿಸಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ ಮುಖ್ಯೋಪಾಧ್ಯಾಯರು ಬಿಯರ್ ಬಾಟಲಿಯನ್ನು ಎರಡೂ ಕೈಗಳಲ್ಲಿ ಹಿಡಿದು, ನನ್ನೆದುರು ಮಂಡಿಯೂರಿ ಕುಳಿತು, ಲೋಟ ಎತ್ತಿಕೊಳ್ಳುವಂತೆ ಸನ್ನೆ ಮಾಡಿದರು. ತುಮಕೂರಿನಲ್ಲಿ ಬೆಳೆದ ನನಗೆ ಬಿಯರ್ ಎಂದರೆ ಮಂದ ಬೆಳಕಿನ ಬಾರುಗಳಲ್ಲಿ ಗಂಡಸರು ಕುಡಿಯುವ, ಮನೆಗೆ ತರುವುದಿದ್ದರೆ ಹಳೆಯ ಪತ್ರಿಕೆಯಲ್ಲಿ ಸುತ್ತಿ ತರುವ ವಸ್ತು. ಶಿಕ್ಷಕಿಯೊಬ್ಬಳು ಮುಖ್ಯೋಪಾಧ್ಯಾಯರ ಕೈಯಿಂದಲೇ ಅದನ್ನು ಪಡೆಯುವುದನ್ನು ನಾನು ಎಂದೂ ಊಹಿಸಿರಲಿಲ್ಲ. ಲೋಟ ಹಿಡಿದ ನನ್ನ ಕೈ ನಡುಗಿದ್ದು ಚೆನ್ನಾಗಿ ನೆನಪಿದೆ.

ಆ ಸಂಜೆ ಕಲಿತ ಮೊದಲ ಪಾಠವೆಂದರೆ, ಇಂತಹ ಔತಣಗಳಲ್ಲಿ ಯಾರೂ ತಮ್ಮ ಲೋಟಕ್ಕೆ ತಾವೇ ಬಿಯರ್ ಸುರಿದುಕೊಳ್ಳುವುದಿಲ್ಲ ಎಂಬುದು. ಪಕ್ಕದವರ ಲೋಟ ಬರಿದಾಗುತ್ತಿರುವುದನ್ನು ಗಮನಿಸಿ ತುಂಬುವುದು ನಮ್ಮ ಕೆಲಸ, ನಮ್ಮ ಲೋಟವನ್ನು ಗಮನಿಸುವುದು ಅವರ ಕೆಲಸ. ಸಾಕು ಎನ್ನುವವರು ಬಾಯಿ ಬಿಟ್ಟು ಹೇಳದೆ ಲೋಟವನ್ನು ತುಂಬಿದಂತೆಯೇ ಬಿಡುತ್ತಾರೆ, ಅದನ್ನು ಎಲ್ಲರೂ ಅರ್ಥಮಾಡಿಕೊಳ್ಳುತ್ತಾರೆ. ಕುಡಿಯದವರು ಊಲಾಂಗ್ ಚಹಾದ ಲೋಟವನ್ನೆತ್ತಿ ಅಷ್ಟೇ ಗಟ್ಟಿಯಾಗಿ ‘ಕಾಂಪಾಯ್’, ಅಂದರೆ ‘ಚಿಯರ್ಸ್’, ಎನ್ನುತ್ತಾರೆ, ಅವರನ್ನು ಯಾರೂ ಒತ್ತಾಯಿಸಿದ್ದನ್ನು ನಾನು ಕಂಡಿಲ್ಲ. ಇನ್ನೊಂದು ಸಂಗತಿಯನ್ನು ಊರಿನವರಿಗೆ ಹೇಳಲೇಬೇಕು. ಔತಣಕ್ಕೆ ಕಾರಿನಲ್ಲಿ ಬಂದಿದ್ದ ಒಬ್ಬ ಶಿಕ್ಷಕರೂ ಆ ರಾತ್ರಿ ಚಾಲಕನ ಆಸನದಲ್ಲಿ ಕೂರಲಿಲ್ಲ. ‘ದೈಕೋ’ ಎಂಬ ಸೇವೆಗೆ ಕರೆ ಮಾಡಿದರೆ ಇಬ್ಬರು ಚಾಲಕರು ಬರುತ್ತಾರೆ. ಒಬ್ಬರು ನಿಮ್ಮನ್ನು ನಿಮ್ಮದೇ ಕಾರಿನಲ್ಲಿ ಮನೆ ಸೇರಿಸುತ್ತಾರೆ, ಮತ್ತೊಬ್ಬರು ಅವರನ್ನು ವಾಪಸು ಕರೆದೊಯ್ಯಲು ಹಿಂದಿನಿಂದ ಇನ್ನೊಂದು ಕಾರಿನಲ್ಲಿ ಬರುತ್ತಾರೆ. 2007ರಲ್ಲಿ ಕಾನೂನನ್ನು ಬಿಗಿಗೊಳಿಸಿದ ಮೇಲೆ, ಕುಡಿದು ವಾಹನ ಓಡಿಸುವವನ ಜೊತೆಗೆ ಅವನಿಗೆ ಮದ್ಯ ಕೊಟ್ಟವನಿಗೂ, ತಿಳಿದೂ ಅವನ ಕಾರಿನಲ್ಲಿ ಕುಳಿತವನಿಗೂ ಶಿಕ್ಷೆಯಿದೆ. ನಮ್ಮ ಹೆದ್ದಾರಿಗಳನ್ನು ನೆನೆದಾಗಲೆಲ್ಲ ಈ ವ್ಯವಸ್ಥೆ ನಮ್ಮಲ್ಲಿಯೂ ಬೇರೂರಲಿ ಎಂದು ಮನಸಾರೆ ಹಾರೈಸುತ್ತೇನೆ.

ಶುಕ್ರವಾರಕ್ಕೊಂದು ಬಗೆಯ ಬಿಯರ್ ರುಚಿ ನೋಡಿ ನೋಟುಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಆ ವಸಂತದಲ್ಲಿಯೇ ಆರಂಭವಾಯಿತು. ವಾರಕ್ಕೆ 350 ಮಿಲಿಲೀಟರಿನ ಒಂದೇ ಡಬ್ಬಿ ಎಂದು ನಿಯಮ ಹಾಕಿಕೊಂಡೆ, ಜೊತೆಗೆ ಉಪ್ಪುನೀರಿನಲ್ಲಿ ಬೇಯಿಸಿದ ಎಳೆಯ ಸೋಯಾ ಕಾಯಿ. ‘ಎದಾಮಾಮೆ’ ಎಂದು ಕರೆಯುವ ಈ ಕಾಯಿಯನ್ನು ಹಲ್ಲಿನಿಂದ ಒತ್ತಿ ಕಾಳನ್ನು ಬಾಯಿಗೆ ಜಾರಿಸಿಕೊಳ್ಳುವಾಗ ಸಿಗುವ ಸುಖ, ನಮ್ಮಲ್ಲಿ ಚಳಿಗಾಲದಲ್ಲಿ ಬೇಯಿಸಿದ ಅವರೆಕಾಯಿ ಸುಲಿದು ತಿನ್ನುವ ಸುಖಕ್ಕೆ ಬಹಳ ಹತ್ತಿರದ್ದು.

ಆದರೆ ಅಂಗಡಿಯ ಕಪಾಟಿನ ಮುಂದೆ ನಿಂತಾಗ ಮೊದಲು ಗೊಂದಲವಾಯಿತು. ನೋಡಲು ಒಂದೇ ಬಗೆಯ ಡಬ್ಬಿಗಳು, ಅದೇ ನೊರೆಯ ಚಿತ್ರ, ಬೆಲೆ ಮಾತ್ರ ಬೇರೆ ಬೇರೆ. ಅದರ ಕಾರಣ ತೆರಿಗೆಯ ಕಾನೂನಿನಲ್ಲಿದೆ ಎಂಬುದನ್ನು ಸಮಾಜ ವಿಜ್ಞಾನದ ಸಹೋದ್ಯೋಗಿಯೊಬ್ಬರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನನಗೆ ವಿವರಿಸಿದರು. ಬಿಯರ್ ಎಂದು ಕರೆಸಿಕೊಳ್ಳಬೇಕಾದರೆ ಅದರಲ್ಲಿ ಮೊಳಕೆ ಬರಿಸಿ ಒಣಗಿಸಿದ ಧಾನ್ಯ, ಅಂದರೆ ಮಾಲ್ಟ್, ಇಂತಿಷ್ಟು ಪಾಲು ಇರಲೇಬೇಕು; ಈ ಪಾಲು ಮೂರನೇ ಎರಡರಷ್ಟಿದ್ದದ್ದು 2018ರಲ್ಲಿ ಅರ್ಧಕ್ಕೆ ಇಳಿಯಿತು. ಮಾಲ್ಟ್ ಕಡಿಮೆಯಾದರೆ ಅದು ‘ಹಪ್ಪೋಶು’, ಅದಕ್ಕೆ ತೆರಿಗೆಯೂ ಕಡಿಮೆ. ಸನ್ಟೋರಿ ಕಂಪನಿ 1994ರಲ್ಲಿ ಇಂತಹ ಅಗ್ಗದ ಪಾನೀಯವನ್ನು ಮಾರುಕಟ್ಟೆಗೆ ತಂದು ಗೆದ್ದಿತು, ಸರ್ಕಾರ ತೆರಿಗೆ ಏರಿಸಿತು, ಕಂಪನಿಗಳು ಮಾಲ್ಟಿನ ಪಾಲನ್ನು ಇನ್ನೂ ತಗ್ಗಿಸಿದವು. ಕೊನೆಗೆ 2004ರಲ್ಲಿ ಸಪ್ಪೊರೊ ಕಂಪನಿ ಮಾಲ್ಟನ್ನೇ ಬಿಟ್ಟು ಬಟಾಣಿಯ ಪ್ರೊಟೀನ್ ಬಳಸಿದ ಪಾನೀಯವೊಂದನ್ನು ದೇಶದಾದ್ಯಂತ ಮಾರಲು ತೊಡಗಿತು. ಈ ಎಲ್ಲ ವರ್ಗಗಳ ತೆರಿಗೆಯೂ 2026ರ ಅಕ್ಟೋಬರ್‌ನಲ್ಲಿ 350 ಮಿಲಿಲೀಟರಿಗೆ 54.25 ಯೆನ್ನಿನಂತೆ ಒಂದೇ ಆಗಬೇಕೆಂದು ಕಾನೂನು ನಿಗದಿಪಡಿಸಿದೆ. ತೆರಿಗೆಯಿಂದ ತಪ್ಪಿಸಿಕೊಳ್ಳುವ ಈ ಓಟದಲ್ಲಿ ತಂತ್ರಜ್ಞರು ತೋರಿದ ಜಾಣ್ಮೆಯನ್ನು ಮೆಚ್ಚುತ್ತೇನೆ. ಆದರೂ ಮೂರೂ ಬಗೆಯನ್ನು ಒಂದೇ ಸಂಜೆ ಲೋಟಕ್ಕೆ ಸ್ವಲ್ಪ ಸ್ವಲ್ಪ ಸುರಿದು ಹೋಲಿಸಿದಾಗ ನನ್ನ ನಾಲಿಗೆ ಹೇಳಿದ್ದು ಇಷ್ಟು: ಅಗ್ಗದವುಗಳಲ್ಲಿ ಕಹಿ ಇದೆ, ಗುಳ್ಳೆ ಇದೆ, ಧಾನ್ಯದ ಸವಿ ಇಲ್ಲ.

ದೊಡ್ಡ ಕಂಪನಿಗಳ ಬಿಯರ್‌ಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಅವುಗಳಲ್ಲಿ ಬಹುಪಾಲು ತಿಳಿ ಹೊಂಬಣ್ಣದ, ಸುಮಾರು ಶೇಕಡಾ 5ರಷ್ಟು ಮದ್ಯಾಂಶವಿರುವ, ಶುಭ್ರ ರುಚಿಯ ಲಾಗರ್‌ಗಳು, ಅಂದರೆ ತಣ್ಣಗೆ ಹುದುಗಿಸಿದ ಬಿಯರ್‌ಗಳು. 1987ರಲ್ಲಿ ಬಂದ ಅಸಾಹಿ ಸೂಪರ್ ಡ್ರೈ ಗಂಟಲಲ್ಲಿ ಸಿಹಿಯ ಸುಳಿವನ್ನೇ ಉಳಿಸದೆ ಇಳಿಯುತ್ತದೆ. ಈ ಗುಣಕ್ಕೆ ಇಲ್ಲಿನವರು ‘ಕಾರಾಕುಚಿ’ ಎನ್ನುತ್ತಾರೆ. ಪೂರ್ತಿ ಮಾಲ್ಟಿನಿಂದಲೇ ತಯಾರಾಗುವ ಯೆಬಿಸು ನನಗೆ ಹೆಚ್ಚು ಹಿಡಿಸಿತು. ಟೋಕಿಯೊದ ಎಬಿಸು ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು ಈ ಬಿಯರಿನಿಂದಲೇ. ಹೊಕ್ಕೈಡೊದಲ್ಲಿ ಮಾತ್ರ ಮಾರುವ ಸಪ್ಪೊರೊ ಕ್ಲಾಸಿಕ್ ಇಲ್ಲಿನ ಮನೆಮನೆಯ ಬಿಯರ್.

ಸಪ್ಪೊರೊ ನಗರದ ಬಿಯರ್ ವಸ್ತುಸಂಗ್ರಹಾಲಯಕ್ಕೆ ಹೋದದ್ದು ಮೊದಲ ಬೇಸಿಗೆಯ ರಜೆಯಲ್ಲಿ. ಮೂಲತಃ 1890ರಲ್ಲಿ ಸಕ್ಕರೆ ಕಾರ್ಖಾನೆಗಾಗಿ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡವದು. ನಾಕಾಗಾವಾ ಸೇಬೆಯಿ ಎಂಬ ಯುವಕ ದೇಶ ಬಿಟ್ಟು ಹೋಗುವುದೇ ಅಪರಾಧವಾಗಿದ್ದ ಕಾಲದಲ್ಲಿ ಗುಟ್ಟಾಗಿ ಹಡಗೇರಿ ಇಂಗ್ಲೆಂಡಿಗೆ, ಅಲ್ಲಿಂದ ಜರ್ಮನಿಗೆ ಹೋಗಿ ಬಿಯರ್ ತಯಾರಿಸುವುದನ್ನು ಕಲಿತು ಬಂದ ಕಥೆಯನ್ನು ಅಲ್ಲಿ ಓದಿದೆ. ಹೊಕ್ಕೈಡೊವನ್ನು ಅಭಿವೃದ್ಧಿಪಡಿಸಲು ಸರ್ಕಾರ ಸ್ಥಾಪಿಸಿದ್ದ ಇಲಾಖೆ 1876ರಲ್ಲಿ ಅವನ ನೇತೃತ್ವದಲ್ಲಿ ಇಲ್ಲಿ ಬಿಯರ್ ಕಾರ್ಖಾನೆಯನ್ನು ತೆರೆಯಿತು. ಮೊದಲು ಟೋಕಿಯೊದಲ್ಲಿ ತೆರೆಯುವ ಯೋಚನೆಯಿತ್ತು. ಆದರೆ ತಣ್ಣಗೆ, ನಿಧಾನವಾಗಿ ಹುದುಗಬೇಕಾದ ಜರ್ಮನ್ ಮಾದರಿಯ ಬಿಯರಿಗೆ ಮಂಜುಗಡ್ಡೆ ಬೇಕಿತ್ತು, ಯಂತ್ರಗಳಿಲ್ಲದ ಆ ದಿನಗಳಲ್ಲಿ ಮಂಜುಗಡ್ಡೆ ಹೇರಳವಾಗಿದ್ದದ್ದು ಹೊಕ್ಕೈಡೊದಲ್ಲಿ. ಇಂದಿಗೂ ಡಬ್ಬಿಯ ಮೇಲಿರುವ ನಕ್ಷತ್ರ ಆ ಇಲಾಖೆಯ ಲಾಂಛನವಾಗಿದ್ದ ಧ್ರುವ ನಕ್ಷತ್ರ.

ನನ್ನ ನೋಟುಪುಸ್ತಕದಲ್ಲಿ ಅತಿ ಹೆಚ್ಚು ಪುಟ ಪಡೆದ ಬಿಯರ್ ಎರಡನೆಯ ವರ್ಷ ಸಿಕ್ಕಿತು. ಅದರ ಹೆಸರು ಸೊರಾಚಿ 1984. ಡಬ್ಬಿ ತೆರೆದು ಮೂಗಿಗೆ ಹಿಡಿದ ಕೂಡಲೇ ನಾನು ತುಮಕೂರಿನ ನಮ್ಮ ಅಡುಗೆಮನೆಯಲ್ಲಿದ್ದೆ. ಮೊದಲು ನಿಂಬೆಯ ಸಿಪ್ಪೆ, ಅದರ ಹಿಂದೆಯೇ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಕುಡಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ತೆಂಗಿನ ತುಸು ಸವಿ. ಅಮ್ಮ ಅಕ್ಕಿ ಹಿಟ್ಟಿಗೆ ಸಬ್ಬಸಿಗೆ ಕಲಸಿ ಬಾಣಲೆಯಲ್ಲಿ ರೊಟ್ಟಿ ತಟ್ಟುವ ಮುಂಜಾನೆಯ ವಾಸನೆ ಬಿಯರ್ ಲೋಟದಿಂದ ಏಳುತ್ತಿತ್ತು. ಮನೆಯ ನೆನಪಿನಲ್ಲಿ ಮೂಗು ಮೋಸಹೋಗಿದೆಯೇನೋ ಎಂದುಕೊಂಡು ಓದಿ ನೋಡಿದರೆ, ಇದಕ್ಕೆ ಹಾಕುವ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ಸೊರಾಚಿ ಏಸ್ ಎಂಬ ತಳಿಯ ಹೂವಿನ ಘಮವನ್ನು ಬಲ್ಲವರು ವರ್ಣಿಸುವುದೂ ಇದೇ ಮೂರರಿಂದ: ನಿಂಬೆ, ಸಬ್ಬಸಿಗೆ, ತೆಂಗು.

ಆ ಹೂವಿನ ತವರು ಅಸಾಹಿಕಾವಾದಿಂದ ರೈಲಿನಲ್ಲಿ ಒಂದು ಗಂಟೆಯ ದಾರಿಯ ಕಾಮಿಫುರಾನೊ. ಸಪ್ಪೊರೊ ಕಂಪನಿಯ ತಳಿ ವಿಜ್ಞಾನಿಗಳು ಇಂಗ್ಲೆಂಡಿನ ಬ್ರೂವರ್ಸ್ ಗೋಲ್ಡ್, ಜೆಕ್ ನಾಡಿನ ಸಾಜ್ ಮುಂತಾದ ತಳಿಗಳನ್ನು ಕೂಡಿಸಿ ಅಭಿವೃದ್ಧಿಪಡಿಸಿದ ಈ ಹಾಪ್ಸ್ 1984ರಲ್ಲಿ ಹೊರಬಂದಿತು. ಆದರೆ ಶುಭ್ರವಾದ, ಘಮವಿರದ ಬಿಯರನ್ನೇ ಬಯಸುತ್ತಿದ್ದ ಅಂದಿನ ಜಪಾನಿಗೆ ಇದರ ಪರಿಮಳ ಅತಿಯೆನಿಸಿತು, ಬಳಸುವವರಿರಲಿಲ್ಲ. ಬಳ್ಳಿ ಅಮೆರಿಕಕ್ಕೆ ಹೋಗಿ, ವಾಷಿಂಗ್ಟನ್ ರಾಜ್ಯದ ಹೊಲಗಳಲ್ಲಿ ಬೇರೂರಿ, ಬ್ರೂಕ್ಲಿನ್ ಬ್ರೂವರಿಯಂತಹವರು ಇದೇ ಹೆಸರಿನ ಬಿಯರ್ ಮಾಡಿ ಪ್ರಸಿದ್ಧಗೊಳಿಸಿದ ಮೇಲೆ ತವರು ಅದನ್ನು ಮತ್ತೆ ನೆನಪಿಸಿಕೊಂಡಿತು. 2019ರಲ್ಲಿ ಸಪ್ಪೊರೊ ಕಂಪನಿ, ಹೂವು ಹುಟ್ಟಿದ ವರ್ಷವನ್ನೇ ಹೆಸರಿನಲ್ಲಿಟ್ಟು, ಈ ಬಿಯರನ್ನು ತಂದಿತು.

ಆಗಸ್ಟ್ ಕೊನೆಯಲ್ಲಿ ನಾನು ಕಾಮಿಫುರಾನೊಗೆ ಹೋದೆ. ಐದು ಮೀಟರಿಗೂ ಎತ್ತರದ ಕಂಬಗಳಿಂದ ಇಳಿಬಿಟ್ಟ ಹಗ್ಗಗಳಿಗೆ ಹಬ್ಬಿದ ಬಳ್ಳಿಗಳ ಸಾಲು ದೂರದಿಂದ ನಮ್ಮ ವೀಳ್ಯದೆಲೆಯ ತೋಟವನ್ನು ನೆನಪಿಸಿತು. ಸಹೋದ್ಯೋಗಿಯ ಪರಿಚಯದ ರೈತರೊಬ್ಬರು ಹಸಿರು ಹೂವೊಂದನ್ನು ಕಿತ್ತು, ಉದ್ದಕ್ಕೆ ಸೀಳಿ, ಎಸಳುಗಳ ಬುಡದಲ್ಲಿರುವ ಹಳದಿ ಪುಡಿಯನ್ನು ತೋರಿಸಿದರು. ಬಿಯರಿಗೆ ಕಹಿ ಮತ್ತು ಘಮ ಬರುವುದು ಆ ಪುಡಿಯಿಂದ. ಅಂಗೈಯಲ್ಲಿ ಉಜ್ಜಿಕೊಂಡ ಆ ವಾಸನೆ ರೈಲಿನಲ್ಲಿ ಅಸಾಹಿಕಾವಾ ತಲುಪುವವರೆಗೂ ಇತ್ತು.

ಕಳೆದ ಬೇಸಿಗೆಯಲ್ಲಿ ಕಿಟಕಿಯ ಬಳಿಯ ಕುಂಡದಲ್ಲಿ ಸಬ್ಬಸಿಗೆ ಬಿತ್ತಿದ್ದೆ. ಸೊಪ್ಪು ಗೇಣುದ್ದ ಬೆಳೆದಾಗ ನಮ್ಮ ಶಾಲೆಯ ಗೃಹವಿಜ್ಞಾನದ ಶಿಕ್ಷಕಿಯನ್ನು ಊಟಕ್ಕೆ ಕರೆದೆ. ಇಲ್ಲಿನ ಅಂಗಡಿಗಳಲ್ಲಿ ‘ಜೋಶಿಂಕೊ’ ಎಂಬ ಹೆಸರಿನಲ್ಲಿ ಸಿಗುವ ಅಕ್ಕಿ ಹಿಟ್ಟಿನಿಂದ ರೊಟ್ಟಿ ತಟ್ಟಿ, ಅವರ ಲೋಟಕ್ಕೆ ಎರಡೂ ಕೈಗಳಿಂದ ಸೊರಾಚಿ ಸುರಿದೆ. ಅವರು ಬಾಟಲಿ ಪಡೆದು ನನ್ನ ಲೋಟ ತುಂಬಿದರು. ರೊಟ್ಟಿ ಮುರಿಯುವ ಮೊದಲು ಅವರು ಅದರ ಮೇಲಿದ್ದ ಹಸಿರನ್ನು ಮೂಸಿದರು, ಲೋಟವನ್ನು ಮೂಸಿದರು, ಮತ್ತೊಮ್ಮೆ ರೊಟ್ಟಿಯನ್ನು ಮೂಸಿ, ಈ ಸೊಪ್ಪಿಗೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದರು. ನಾನು ಹೇಳಿದೆ. ಅವರು ಚೀಟಿಯೊಂದನ್ನು ತೆಗೆದು, ‘ಸಬ್ಬಸಿಗೆ’ ಎಂದು ತಮ್ಮ ಲಿಪಿಯಲ್ಲಿ ನಿಧಾನವಾಗಿ ಬರೆದುಕೊಂಡರು.