ಪರದೆಯೊಳಗಿನ ಜಾರುಬಂಡಿ

3 ಏಪ್ರಿಲ್ 2025, ಗುರುವಾರ

ಇವತ್ತು ಹಾಲಿವುಡ್ ನಿರ್ದೇಶಕ ಆಲನ್ ಡ್ವಾನ್ ಹುಟ್ಟಿದ ದಿನ. ಟೊರೊಂಟೊದಲ್ಲಿ, 1885ರಲ್ಲಿ. ರಾತ್ರಿ ಊಟ ಮುಗಿಸಿ ಅವರ 1922ರ ಮೂಕಿ ಚಿತ್ರ ‘ರಾಬಿನ್ ಹುಡ್’ ಹಾಕಿಕೊಂಡು ಕೂತೆ. ಅದರಲ್ಲಿ ನಾಯಕ ಪರದೆಯ ಬಟ್ಟೆ ಹಿಡಿದು ಇಳಿಯುವ ದೃಶ್ಯವನ್ನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ.

ಆ ಚಿತ್ರಕ್ಕೆ ಹಾಕಿದ್ದ ಕೋಟೆಯ ಸೆಟ್ ಬಹಳ ದೊಡ್ಡದು. ನಾಯಕ ಡಗ್ಲಸ್ ಫೇರ್‌ಬ್ಯಾಂಕ್ಸ್ ಅದನ್ನು ನೋಡಿ ಎದೆಗುಂದಿದರಂತೆ. ಇಷ್ಟು ಎತ್ತರದ ಗೋಡೆಗಳ ಮುಂದೆ ತನ್ನನ್ನು ಯಾರು ನೋಡ್ತಾರೆ ಎಂಬ ಅಳುಕು. ಡ್ವಾನ್ ಸಮಾಧಾನದ ಮಾತು ಹೇಳುತ್ತಾ ಕೂರಲಿಲ್ಲ. ಮೇಲಿನಿಂದ ನೆಲದವರೆಗೆ ಇಳಿಬಿಟ್ಟಿದ್ದ ಭಾರೀ ಪರದೆಯ ಮರೆಯಲ್ಲಿ ಒಂದು ಜಾರುಬಂಡಿ ಕೂರಿಸಿದರು. ತಾವೇ ಮೇಲೆ ಹತ್ತಿ, ಜಾರಿ ತೋರಿಸಿದರು. ಆಮೇಲೆ ಫೇರ್‌ಬ್ಯಾಂಕ್ಸ್ ಚಿಕ್ಕ ಹುಡುಗನ ಹಾಗೆ ಮತ್ತೆ ಮತ್ತೆ ಜಾರಿದರು ಅಂತ ಡ್ವಾನ್ ಮುಂದೆ ನೆನಪಿಸಿಕೊಂಡಿದ್ದಾರೆ. ತೆರೆಯ ಮೇಲೆ ಜಾರುಬಂಡಿ ಕಾಣುವುದೇ ಇಲ್ಲ. ಬಟ್ಟೆ ಹಿಡಿದು ಸರ್ರನೆ ಇಳಿಯುವ ಮನುಷ್ಯ ಮಾತ್ರ ಕಾಣುತ್ತಾನೆ. ಕೋಟೆ ಮರೆತೇ ಹೋಗುತ್ತದೆ.

ಡ್ವಾನ್ ಓದಿದ್ದು ಎಂಜಿನಿಯರಿಂಗ್. ಪಾದರಸದ ಆವಿಯ ದೀಪಗಳ ಕೆಲಸದಲ್ಲಿದ್ದರು. ಶಿಕಾಗೊದ ಎಸ್ಸನೇ ಸ್ಟುಡಿಯೊಗೆ ಆ ದೀಪ ಬೇಕಾಯಿತು. ದೀಪದ ಜೊತೆ ಹೋದವರು ಅಲ್ಲೇ ಕತೆಗಳನ್ನೂ ಮಾರಿದರು. 1911ರಲ್ಲಿ ಅಮೆರಿಕನ್ ಫಿಲ್ಮ್ ಕಂಪನಿ ಅವರನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಿತು. ಅಲ್ಲಿ ಚಿತ್ರತಂಡ ಇತ್ತು, ನಿರ್ದೇಶಕ ಇರಲಿಲ್ಲ. ಹಾಗಂತ ತಂತಿ ಕಳಿಸಿದರೆ, ನೀವೇ ನಿರ್ದೇಶಿಸಿ ಅಂತ ಉತ್ತರ ಬಂತು. ನಿರ್ದೇಶಕ ಏನು ಮಾಡಬೇಕು ಅಂತ ನಟರನ್ನೇ ಕೇಳಿ ಕಲಿತರಂತೆ!

ಅಲ್ಲಿಂದ 50 ವರ್ಷ. ಚಿತ್ರಗಳು 400ಕ್ಕೂ ಜಾಸ್ತಿ. ಅದರಲ್ಲಿ ಹೆಚ್ಚಿನವು ಒಂದೇ ರೀಲಿನ ಪುಟ್ಟ ಚಿತ್ರಗಳು, ಬಹಳಷ್ಟು ಕಳೆದೇ ಹೋಗಿವೆ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನಿರ್ದೇಶಕ ಗ್ರಿಫಿತ್ ‘ಇನ್‌ಟಾಲರೆನ್ಸ್’ ಚಿತ್ರಕ್ಕೆ ಬ್ಯಾಬಿಲೋನ್ ನಗರದ ಸೆಟ್ ಕಟ್ಟಿದಾಗ ಕ್ಯಾಮೆರಾ ಮುಂದಕ್ಕೂ ಹೋಗಬೇಕು, ಕೆಳಕ್ಕೂ ಇಳಿಯಬೇಕು. ಹಳಿಯ ಮೇಲೆ ಗೋಪುರ ನಿಲ್ಲಿಸಿ ಅದರಲ್ಲಿ ಲಿಫ್ಟ್ ಇಡಿ ಅಂತ ಉಪಾಯ ಕೊಟ್ಟವರೂ ಇವರೇ.

ಮಾತಿನ ಚಿತ್ರ ಬಂದ ಮೇಲೆ ಎಷ್ಟೋ ಹಳಬರು ಮೂಲೆ ಸೇರಿದರು. ಇವರು 1937ರಲ್ಲಿ ಬಾಲನಟಿ ಶರ್ಲಿ ಟೆಂಪಲ್ ಜೊತೆ ‘ಹೈಡಿ’ ಮಾಡಿದರು. 1949ರಲ್ಲಿ ‘ಸ್ಯಾಂಡ್ಸ್ ಆಫ್ ಇವೊ ಜಿಮಾ’. ಜಾನ್ ವೇಯ್ನ್‌ಗೆ ಅತ್ಯುತ್ತಮ ನಟ ವಿಭಾಗದಲ್ಲಿ ಮೊದಲ ಆಸ್ಕರ್ ನಾಮನಿರ್ದೇಶನ ತಂದ ಚಿತ್ರ ಅದು. ಆಮೇಲೆ ದುಡ್ಡು ಕಡಿಮೆಯಾಯಿತು, ಶೂಟಿಂಗ್ ದಿನಗಳೂ ಕಡಿಮೆಯಾದವು. ಆದರೆ 1954ರ ‘ಸಿಲ್ವರ್ ಲೋಡ್’ ನೋಡಿ. ಊರ ಬೀದಿಯಲ್ಲಿ ನಾಯಕ ಓಡುತ್ತಾನೆ, ಕ್ಯಾಮೆರಾ ಪಕ್ಕದಲ್ಲೇ ಬಿಡದೆ ಓಡುತ್ತದೆ. ಆಗ ಡ್ವಾನ್‌ಗೆ ಸುಮಾರು 69 ವರ್ಷ ಅಂತ ಯಾರು ಹೇಳ್ತಾರೆ! ನನಗಂತೂ ಆ ಒಂದು ಓಟ ರಾಬಿನ್ ಹುಡ್‌ನ ಇಡೀ ಕೋಟೆಗಿಂತ ಇಷ್ಟ.

ಕೊನೆಯ ಚಿತ್ರ ತೆರೆಗೆ ಬಂದಿದ್ದು 1961ರಲ್ಲಿ. ಅವರು ತೀರಿಕೊಂಡಿದ್ದು 1981ರ ಡಿಸೆಂಬರ್‌ನಲ್ಲಿ, 96ನೇ ವಯಸ್ಸಿಗೆ.

ಗಂಟೆ ಹನ್ನೆರಡಾಯಿತು. ಮಲಗುವ ಮೊದಲು ಆ ಪರದೆಯ ದೃಶ್ಯ ಇನ್ನೊಂದು ಸಲ.